ಸೊಪ್ಪಿನ ಹುಳಿ

ಫೋಲಿಕ್ ಆಸಿಡ್ ಎಂಬ ಹೆಸರನ್ನು ಬಿಡಿಸಿ ಅಚ್ಚಗನ್ನಡಕ್ಕೆ ಇಳಿಸಿದರೆ ಸಿಗುವುದು ‘ಸೊಪ್ಪಿನ ಹುಳಿ’. ಲ್ಯಾಟಿನ್ನಿನ ಫೋಲಿಯಂ ಎಂದರೆ ಎಲೆ, ಆಸಿಡ್ ಎಂದರೆ ಹುಳಿ. ಹಳೇ ಮೈಸೂರಿನ ಯಾವ ಮನೆಯಲ್ಲಿ ಈ ಮಾತು ಆಡಿದರೂ ಔಷಧಿ ಅಂಗಡಿ ನೆನಪಾಗುವುದಿಲ್ಲ. ತೊಗರಿಬೇಳೆ ಬೇಯಿಸಿ, ದಂಟಿನ ಸೊಪ್ಪು ಹೆಚ್ಚಿಹಾಕಿ, ಹುಣಸೆಹಣ್ಣು ಕಿವುಚಿದ ಹುಳಿ ನೆನಪಾಗುತ್ತದೆ. ಪಠ್ಯಪುಸ್ತಕ ಬರೆದವರು ‘ಆಮ್ಲ’ದ ಮೊರೆಹೊಕ್ಕಿದ್ದು ಇಂಥ ಫಜೀತಿ ಬೇಡವೆಂದೇ ಇರಬೇಕು. ನನಗೇನೋ ಆ ಫಜೀತಿಯೇ ಇಷ್ಟ. ಏಕೆಂದರೆ ಈ ಪದಾರ್ಥ ಎಲ್ಲಿ ಸಿಗುತ್ತದೆ, ಎಲ್ಲಿ ಸೋರಿಹೋಗುತ್ತದೆ, ಮೈಯೊಳಗೆ ಏನಾಗುತ್ತದೆ ಎಂಬುದನ್ನು ಹೇಳಹೊರಟರೆ ಒಲೆಯ ಮುಂದಿನಿಂದಲೇ ಶುರುಮಾಡಬೇಕು.

ಹೆಸರು ಹುಟ್ಟಿದ್ದು 1941ರಲ್ಲಿ, ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ. ಮಿಚೆಲ್, ಸ್ನೆಲ್, ವಿಲಿಯಮ್ಸ್ ಎಂಬ ಮೂವರು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಸೋಸಿ ಸೋಸಿ ತೆಗೆದ ಸಾರಕ್ಕೆ, ಎಲೆಯಿಂದ ಬಂದದ್ದೆಂದು, ಈ ಹೆಸರಿಟ್ಟರು. ನಮ್ಮ ಬ್ಯಾಂಕು ಕಚೇರಿಗಳ ‘ಫೋಲಿಯೋ ನಂಬರು’ ಕೂಡ ಅದೇ ಫೋಲಿಯಂನ ಸಂತಾನ; ಲೆಕ್ಕದ ಪುಸ್ತಕದ ಹಾಳೆಯೂ ಒಂದು ಎಲೆಯೇ. ನಮ್ಮಲ್ಲಿ ಎಲೆ ಎನ್ನುವ ‘ಪತ್ರ’ ಕಾಗದವಾಗಿ ಬದಲಾದ ದಾರಿಯೂ ಇದೇ.

ಅದಕ್ಕೆ ಮುಂಚೆ ಈ ವಸ್ತುವಿಗೆ ಹೆಸರಿರಲಿಲ್ಲವೆಂದಲ್ಲ, ಜಾಸ್ತಿಯೇ ಇದ್ದವು. ಕೋತಿಗಳಲ್ಲಿ ರಕ್ತಹೀನತೆ ತಡೆಯಿತೆಂದು ಒಬ್ಬರು ‘ವಿಟಮಿನ್ ಎಂ’ ಎಂದರು. ಎಂ ಎಂದರೆ ಮಂಕಿ. ಕೋಳಿಮರಿಗಳಿಗೆ ಬೇಕಾಯಿತೆಂದು ಇನ್ನೊಬ್ಬರು ‘ಬಿ-ಸಿ’ ಎಂದರು. ಅಲ್ಲಿ ಸಿ ಎಂದರೆ ಚಿಕ್. ಇವೆಲ್ಲಕ್ಕೂ ಹಿಂದಿನದು ‘ವಿಲ್ಸ್ ಫ್ಯಾಕ್ಟರ್’, ಅದು ನಮ್ಮ ದೇಶದಲ್ಲೇ ಹುಟ್ಟಿದ್ದು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರನ್ನು ಕಾಡುತ್ತಿದ್ದ ವಿಚಿತ್ರ ರಕ್ತಹೀನತೆಯ ಬೆನ್ನುಹತ್ತಿದಳು. ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ಕೋತಿಗಳ ಮೇಲೂ ಪ್ರಯೋಗ ನಡೆಸಿದಳು. ಕೊನೆಗೆ ಆ ಹೆಂಗಸರಿಗೆ ಹಿಡಿಸಿದ್ದು ಮಾರ್ಮೈಟ್ ಎಂಬ ಕಪ್ಪು ಲೇಹ, ಅಂದರೆ ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನ ಸಾರ. 1931ರಲ್ಲಿ ಅವಳ ಬರಹ ಅಚ್ಚಾಯಿತು. ಹೆಸರಿಡುವ ಹಕ್ಕು ಮುಂಬಯಿಗೇ ಸಿಕ್ಕಿದ್ದರೆ ಇದು ಸೊಪ್ಪಿನ ಹುಳಿಯಾಗುತ್ತಿರಲಿಲ್ಲ, ಹುದುಗಿನ ಹುಳಿಯಾಗುತ್ತಿತ್ತು.

ಮುಂದೆ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳತ್ವದಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯ 1945ರಲ್ಲಿ ಇದನ್ನು ಎಲೆಯ ಹಂಗಿಲ್ಲದೆ ಕೃತಕವಾಗಿ ತಯಾರಿಸಿತು. ರಾಸಾಯನಿಕವಾಗಿ ಬಿಡಿಸಿ ನೋಡಿದಾಗ ಸಿಕ್ಕ ಇನ್ನೊಂದು ಹೆಸರು ಟೆರಾಯ್ಲ್ ಗ್ಲುಟಾಮಿಕ್ ಆಮ್ಲ. ಅದರಲ್ಲಿನ ‘ಟೆರೋ’ ಗ್ರೀಕಿನಲ್ಲಿ ರೆಕ್ಕೆ. ಆ ಭಾಗ ಮೊದಲು ಕಂಡದ್ದು ಚಿಟ್ಟೆಗಳ ರೆಕ್ಕೆಯ ಬಣ್ಣದಲ್ಲಿ. ಗ್ಲುಟಾಮಿಕ್ ಬಂದದ್ದು ಗೋಧಿಯ ಗ್ಲುಟೆನ್‌ನಿಂದ. ಎಲೆಯ ಹೆಸರು ಹೊತ್ತ ಈ ಪದಾರ್ಥ ಹೀಗೆ ಅರ್ಧ ಚಿಟ್ಟೆ, ಅರ್ಧ ಗೋಧಿ. ಬಂಗಾರಪೇಟೆಯ ಔಷಧಿ ಅಂಗಡಿಯಲ್ಲಿ ಇವತ್ತು ಸಿಗುವ ಮಾತ್ರೆಯಂತೂ ಯಾವ ಎಲೆಯ ಮುಖವನ್ನೂ ಕಂಡದ್ದಲ್ಲ.

ಮೂಲ ಬಿಟ್ಟು ದೂರ ಹೋದ ಹೆಸರುಗಳು ಈ ಕೋಲಾರ ಸೀಮೆಯವರಿಗೆ ಹೊಸವಲ್ಲ. ನಂದಿದುರ್ಗ ಎಂದರೆ ಬೆಂಗಳೂರಿನವರಿಗೆ ಚಿಕ್ಕಬಳ್ಳಾಪುರದ ಪಕ್ಕದ ಬೆಟ್ಟ, ಭಾನುವಾರದ ಮಂಜು, ಮೋಟಾರ್ ಸೈಕಲ್ಲು. ಕೆಜಿಎಫ್‌ನವರಿಗೆ, ಅಂದರೆ ಕೋಲಾರದ ಚಿನ್ನದ ಗಣಿಗಳ ಊರಿನವರಿಗೆ, ಅದು ನೆಲದೊಳಗಿನ ಊರು. ಮೈಸೂರಿನಲ್ಲಿ ಬ್ರಿಟಿಷ್ ಕಮಿಷನರ್ ಆಳ್ವಿಕೆಯ ಕಾಲದಲ್ಲಿ ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳು ಸೇರಿ ‘ನಂದಿದುರ್ಗ ವಿಭಾಗ’ವಾಗಿದ್ದವು, ಬೆಟ್ಟದ ಹೆಸರು ಸೀಮೆಗೆ ಬಂತು. ಚಾಂಪಿಯನ್ ರೀಫ್, ಮೈಸೂರು, ಊರಗಾಂ ಗಣಿಗಳ ಸಾಲಿನಲ್ಲಿ ನಂದಿದುರ್ಗವೂ ಒಂದು ಗಣಿಯಾಯಿತು, ಗಣಿಯಿಂದ ಅದರ ಕಾರ್ಮಿಕರ ಲೈನುಗಳಿಗೆ ಅದೇ ಹೆಸರು ನಿಂತಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದರೂ ಹೆಸರು ಅಲ್ಲೇ ಇದೆ. ಪಕ್ಕದ ಬಂಗಾರಪೇಟೆ, ಚೀಫ್ ಕಮಿಷನರ್ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆಯಾಗಿದ್ದು ಆಮೇಲೆ ಬಂಗಾರಕ್ಕೆ ತಿರುಗಿಕೊಂಡಿತು.

ಇಲ್ಲಿ ಸೊಪ್ಪಿಗೂ ಒಂದೇ ಹೆಸರಲ್ಲ. ಗಣಿ ಲೈನಿನ ತಮಿಳು ಮನೆಯಲ್ಲಿ ಅದು ಕೀರೈ, ತೆಲುಗು ಮನೆಯಲ್ಲಿ ಆಕುಕೂರ, ಕನ್ನಡದ ಮನೆಯಲ್ಲಿ ಸೊಪ್ಪು. ಕನ್ನಡಿಗರು ಇಷ್ಟಕ್ಕೇ ಬಿಡದೆ ಕೀರೈ, ಸೊಪ್ಪು ಎರಡನ್ನೂ ಸೇರಿಸಿ ‘ಕೀರೆ ಸೊಪ್ಪು’ ಎನ್ನುತ್ತೇವೆ. ಹಾಗೆ ನೋಡಿದರೆ ಅದು ಸೊಪ್ಪು ಸೊಪ್ಪು ಎಂದಂತೆ. ‘ಸೊಪ್ಪು’ ಪದದ ಬಳಗ ದೊಡ್ಡದು. ಧಾರವಾಡದ ಕಡೆ ತಪ್ಪಲ, ತುಳುವಿನಲ್ಲಿ ತಪ್ಪು, ಕೊಡಗಿನಲ್ಲಿ ತೊಪ್ಪು. ಕೊಡವರು ಕಕ್ಕಡ (ಆಟಿ) ತಿಂಗಳಲ್ಲಿ ಪಾಯಸ ಮಾಡುವ ಮದ್ದ್ ತೊಪ್ಪು ಹೆಸರಿನಲ್ಲೇ ಎಲೆ ಮತ್ತು ಔಷಧಿ ಎರಡೂ ಇವೆ. ಮಲೆನಾಡಿನಲ್ಲಿ ಅಡಕೆ ತೋಟಕ್ಕೆ ಹಸಿರೆಲೆ ಗೊಬ್ಬರ ಒದಗಿಸಲೆಂದು ಬಿಟ್ಟುಕೊಟ್ಟ ಕಾಡು ಸೊಪ್ಪಿನ ಬೆಟ್ಟ. ಬೀಡಿ ಕಟ್ಟುವವರಿಗೂ ಎಲೆಯಡಿಕೆ ಜಗಿಯುವವರಿಗೂ ಬೇಕಾದದ್ದು ಹೊಗೆಸೊಪ್ಪು. ಎಲೆ ಎಂಬುದು ಗಿಡದ ಅಂಗ. ಸೊಪ್ಪು ಎಂದರೆ ಮನುಷ್ಯ ಕಿತ್ತು ಯಾವುದೋ ಕೆಲಸಕ್ಕೆ ಹಚ್ಚಿಕೊಂಡ ಎಲೆ. ಲ್ಯಾಟಿನ್ನಿನವರ ಫೋಲಿಯಂಗೆ ಈ ಸೂಕ್ಷ್ಮ ಇಲ್ಲ.

ಒಂದು ಸೊಪ್ಪಿನ ಹೆಸರಂತೂ ಈ ಊರಿಗೆಂದೇ ಹುಟ್ಟಿದಂತಿದೆ. ಕೆರೆಯಂಚಿನ ಕೆಸರಲ್ಲಿ ಹರಡುವ ಹೊನಗೊನ್ನೆ. ತಮಿಳಿನಲ್ಲಿ ಪೊನ್ನಾಂಗಣ್ಣಿ, ತೆಲುಗಿನಲ್ಲಿ ಪೊನ್ನಗಂಟಿ. ಮೂರು ಭಾಷೆಯಲ್ಲೂ ಮೊದಲು ಕೇಳಿಸುವುದು ಹೊನ್ನು. ಮೂರು ಕಿಲೋಮೀಟರಿಗೂ ಮೀರಿ ಆಳಕ್ಕಿಳಿದು ಚಿನ್ನ ತೆಗೆದ ಊರಿನಲ್ಲಿ ಹೆಂಗಸರು ಬಗ್ಗಿ ಕಿತ್ತುಕೊಂಡ ಹೊನ್ನು ಇದೊಂದೇ.

‘ಸೊಪ್ಪು’ ಪದಕ್ಕೆ ಇನ್ನೊಂದು ಬದುಕೂ ಇದೆ. ಹಳೆಯ ಕಾವ್ಯಗಳಲ್ಲಿ ‘ಸೊಪ್ಪಾಗು’ ಎಂದರೆ ಬಳಲು, ಶಕ್ತಿಗುಂದು. ಬಿಸಿಲಲ್ಲಿ ಸೊಪ್ಪಾದ, ಜ್ವರದಲ್ಲಿ ಸೊಪ್ಪಾಗಿ ಬಿದ್ದಿದ್ದಾನೆ ಎಂದು ಹಳ್ಳಿಗಳಲ್ಲಿ ಇನ್ನೂ ಕೇಳಿಸುತ್ತದೆ. ಕಿತ್ತ ಎಲೆ ಬಾಡುವುದನ್ನು ಕಂಡವರು ಮಾಡಿಕೊಂಡ ಮಾತು. ಸೊಪ್ಪು ಸಾಲದ ಮೈ ಸೊಪ್ಪಾಗುತ್ತದೆ ಎನ್ನುವುದು ಭಾಷೆಯ ಚಮತ್ಕಾರದಂತೆ ಕಂಡರೂ ವೈದ್ಯಶಾಸ್ತ್ರದ ಪ್ರಕಾರವೂ ಸರಿ. ಪ್ರತಿ ಜೀವಕೋಶ ಇಬ್ಭಾಗವಾಗುವ ಮುನ್ನ ತನ್ನ ಡಿಎನ್‌ಎಯ ನಕಲು ತೆಗೆಯಬೇಕು. ಆ ಡಿಎನ್‌ಎಗೆ ಬೇಕಾದ ಇಂಗಾಲದ ಚೂರುಗಳನ್ನು ಹೊತ್ತು ತಂದುಕೊಡುವುದು ಫೋಲೇಟ್, ಅಂದರೆ ಎಲೆಯಲ್ಲಿ ಸಹಜವಾಗಿ ಸಿಗುವ ರೂಪದ ಸೊಪ್ಪಿನ ಹುಳಿ. ಅದು ಕಡಿಮೆಯಾದಾಗ ಮೊದಲು ಏಟು ತಿನ್ನುವುದು ಎಡೆಬಿಡದೆ ಇಬ್ಭಾಗವಾಗುವ ಕೋಶಗಳು, ಅಂದರೆ ಎಲುಬಿನ ಮಜ್ಜೆಯಲ್ಲಿ ರಕ್ತಕಣಗಳನ್ನು ಹುಟ್ಟಿಸುವಂಥವು. ಗಾತ್ರ ಬೆಳೆಯುತ್ತದೆ, ವಿಭಜನೆ ನಡೆಯುವುದಿಲ್ಲ. ದಪ್ಪದಪ್ಪ ಕೆಂಪು ಕಣಗಳು, ಎಣಿಕೆಯಲ್ಲಿ ಕಡಿಮೆ. ಲೂಸಿ ವಿಲ್ಸ್ ಮುಂಬಯಿಯ ಬಸುರಿಯರಲ್ಲಿ ಕಂಡದ್ದು ಇದನ್ನೇ. ಹೊಟ್ಟೆಯಲ್ಲಿ ಕೂಸು ಬೆಳೆಯುವಾಗ ಈ ಖರ್ಚು ಏರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹೆಂಗಸಿಗೆ ದಿನಕ್ಕೆ 220 ಮೈಕ್ರೋಗ್ರಾಂ ಸಾಕಾದರೆ, ಬಸುರಿಗೆ 570.

ಬಂಗಾರಪೇಟೆಯ ಸಂತೆಯಲ್ಲಿ ಮಳೆ ಬಿದ್ದ ತಿಂಗಳುಗಳಲ್ಲಿ ಗೋಣಿತಾಟಿನ ಮೇಲೆ ಒಂದು ರಾಶಿ ಕಾಣುತ್ತದೆ, ಹೆಸರು ಹಿಡಿದು ಹೇಳಲಾಗದ್ದು. ‘ಏನಜ್ಜೀ ಇದು?’ ಎಂದರೆ ‘ಬೆರಕೆ ಸೊಪ್ಪು ಕಣಣ್ಣ, ಹೊಲದಾಗ ಬೆಳಗ್ಗೆ ಕಿತ್ತಿದ್ದು’ ಎಂಬ ಉತ್ತರ. ಅಣ್ಣೆ, ಗಣಿಕೆ, ಗೋಣಿ, ನುಗ್ಗೆಯ ಚಿಗುರು, ಕಾಡು ಕೀರೆ. ರಾಗಿ ಸಾಲಿನ ನಡುವೆ ಕಳೆಯೆಂದು ಕಿತ್ತದ್ದೆಲ್ಲ ಅಲ್ಲಿರುತ್ತದೆ. ಅಜ್ಜಿ ಮಾತಾಡುತ್ತಲೇ ಮೇಲೆ ನೀರು ಚಿಮುಕಿಸಿ ಒದ್ದೆಗೋಣಿ ಹೊದಿಸುತ್ತಾಳೆ. ಫೋಲೇಟಿಗೆ ಬೆಳಕು, ಗಾಳಿ, ಶಾಖ ಮೂರೂ ಆಗುವುದಿಲ್ಲ. ಬಾಡಿದಷ್ಟೂ ಕಳೆದುಹೋಗುತ್ತದೆ.

ಅದಕ್ಕಿಂತ ದೊಡ್ಡ ಶತ್ರು ಚೆಲ್ಲಿದ ನೀರು. ಫೋಲೇಟೂ ಸೇರಿದಂತೆ ಬಿ ಗುಂಪಿನ ವಿಟಮಿನ್ನುಗಳೆಲ್ಲ ನೀರಲ್ಲಿ ಕರಗುವಂಥವು. ಪಾಲಕ್ ಸೊಪ್ಪನ್ನು ನೀರಲ್ಲಿ ಕುದಿಸಿದರೆ ಅದರ ಫೋಲೇಟಿನಲ್ಲಿ ಹತ್ತಿರಹತ್ತಿರ ಅರ್ಧ ಎಲೆ ಬಿಟ್ಟು ಹೋಗುತ್ತದೆ, ಬಹುಪಾಲು ಆ ನೀರಿಗೇ. ಆವಿಯಲ್ಲಿ ಬೇಯಿಸಿದರೆ ಹೆಚ್ಚು ನಷ್ಟವಿಲ್ಲ. ಈಗ ಕೋಲಾರದ ಬಸ್ಸಾರನ್ನು ನೋಡಿ. ಪಾತ್ರೆಯಲ್ಲಿ ಬೇಳೆ ಮುಕ್ಕಾಲು ಬೆಂದಾಗ ಬೆರಕೆ ಸೊಪ್ಪು ಹಾಕುತ್ತಾರೆ. ಬೆಂದ ಮೇಲೆ ತಟ್ಟೆ ಅಡ್ಡ ಹಿಡಿದು ನೀರನ್ನು ಇನ್ನೊಂದು ಪಾತ್ರೆಗೆ ಬಸಿಯುತ್ತಾರೆ. ಬಸಿದ ಹಸಿರು ನೀರಿಗೆ ‘ಕಟ್ಟು’ ಎಂದು ಹೆಸರು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕಾಯಿತುರಿಯ ಜೊತೆಗೆ ಒಂದು ಹಿಡಿ ಬೆಂದ ಸೊಪ್ಪು ಬೇಳೆಯನ್ನೂ ಸೇರಿಸಿ ರುಬ್ಬಿ ಆ ಕಟ್ಟಿಗೆ ಕಲಸಿ ಕುದಿಸಿದರೆ ಸಾರು. ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಎಲೆ ಬಿಟ್ಟುಹೋದದ್ದು ಸಾರಿನಲ್ಲಿ ಸಿಕ್ಕಿಬೀಳುತ್ತದೆ. ಮಸ್ಸೊಪ್ಪಿನಲ್ಲಿ ಬಸಿಯುವ ಗೊಡವೆಯೇ ಇಲ್ಲ, ನೀರು ಸಮೇತ ಮಸೆದುಬಿಡುವುದು. ಶಾಖಕ್ಕೆ ಒಂದಿಷ್ಟು ಹೋಗುವುದು ಹೋಗುತ್ತದೆ ನಿಜ. ಆದರೆ ಬಣ್ಣ ಕೆಡಬಾರದೆಂದು ಸೊಪ್ಪು ಕುದಿಸಿ, ನೀರು ಚೆಲ್ಲಿ, ಮಂಜುಗಡ್ಡೆಯ ನೀರಿಗೆ ಹಾಕುವ ಹೋಟೆಲ್ ಪದ್ಧತಿಗಿಂತ ಮುದ್ದೆಯ ಪಕ್ಕದ ಬಸ್ಸಾರು ಎಷ್ಟೋ ಜಾಣ ಅಡುಗೆ.

ಮೈಯೊಳಗೆ ಹೋದಮೇಲಿನ ಕಥೆಯಲ್ಲಿ ಸೊಪ್ಪು ಒಂದು ದಾರಿ, ಮಾತ್ರೆ ಇನ್ನೊಂದು ದಾರಿ ಹಿಡಿಯುತ್ತವೆ. ಎಲೆಯಲ್ಲಿರುವ ಫೋಲೇಟಿಗೆ ಉದ್ದನೆಯ ಬಾಲ. ಗ್ಲುಟಾಮೇಟ್ ತುಣುಕುಗಳು ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಒಂದು ಕಿಣ್ವ ಆ ಬಾಲವನ್ನು ಕತ್ತರಿಸಿ ಒಂದೇ ತುಣುಕು ಉಳಿಸುತ್ತದೆ, ಆಮೇಲಷ್ಟೇ ಕರುಳಿನ ಗೋಡೆ ಒಳಗೆ ಬಿಟ್ಟುಕೊಳ್ಳುವುದು. ಈ ಕೆಲಸದಲ್ಲಿ ಪೋಲಾಗುವುದು ಬಹಳ, ತಿಂದದ್ದರಲ್ಲಿ ಸುಮಾರು ಅರ್ಧ ದಕ್ಕಿದರೆ ಪುಣ್ಯ. ಮಾತ್ರೆಯ ಫೋಲಿಕ್ ಆಮ್ಲಕ್ಕೆ ಆ ಬಾಲವೇ ಇಲ್ಲ. ಸಲೀಸಾಗಿ ಒಳಗೆ ಹೋಗುತ್ತದೆ, ಊಟದ ಜೊತೆ ನುಂಗಿದರೂ ಸುಮಾರು ಶೇಕಡಾ 85ರಷ್ಟು ದಕ್ಕುತ್ತದೆ. ಸೊಪ್ಪೇ ಶ್ರೇಷ್ಠ, ಮಾತ್ರೆ ಬರೀ ಕೆಮಿಕಲ್ಲು ಎನ್ನುವವರು ಈ ಲೆಕ್ಕ ನೋಡಬೇಕು.

ಒಳಗೆ ಹೋದದ್ದು ಕೆಲಸಕ್ಕೆ ಬಂತೇ ಎಂಬುದು ಬೇರೆ ಪ್ರಶ್ನೆ. ಎಲೆಯ ಫೋಲೇಟ್ ಹೆಚ್ಚುಕಡಿಮೆ ಕೆಲಸಕ್ಕೆ ತಯಾರಾದ ರೂಪದಲ್ಲೇ ಇರುತ್ತದೆ. ಫೋಲಿಕ್ ಆಮ್ಲ ಹಾಗಲ್ಲ. ಅದರ ಮೇಲೆ ಒಂದು ಕಿಣ್ವ ಎರಡು ಸಲ ಕೈಯಾಡಿಸಿ ಜಲಜನಕ ಸೇರಿಸಿದ ಮೇಲಷ್ಟೇ ಅದು ಟೆಟ್ರಾಹೈಡ್ರೋಫೋಲೇಟ್ ಎಂಬ ನಿಜವಾದ ರೂಪಕ್ಕೆ ಬರುತ್ತದೆ. ಮನುಷ್ಯನ ಯಕೃತ್ತಿನಲ್ಲಿ ಈ ಕಿಣ್ವ ಬಲು ನಿಧಾನ. ದೊಡ್ಡ ಪ್ರಮಾಣದಲ್ಲಿ ನುಂಗಿದರೆ ಒಂದಿಷ್ಟು ಫೋಲಿಕ್ ಆಮ್ಲ ಬದಲಾಗದೆ ಹಾಗೆಯೇ ರಕ್ತದಲ್ಲಿ ಸುತ್ತುತ್ತದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಕೆಲಸ ಮಾಡುವ ಒಂದು ಬಗೆ ಇದೇ ಕಿಣ್ವದ ಕತ್ತು ಹಿಸುಕುವುದು. ಅದಕ್ಕೇ ವೈದ್ಯರು ಬೇರೆ ದಿನ ಫೋಲಿಕ್ ಮಾತ್ರೆಯನ್ನೂ ಬರೆಯುತ್ತಾರೆ. ಎರಡೂ ಒಂದೇ ಡಬ್ಬಿಯಲ್ಲಿ ಬೆರೆತು, ವಾರದ ಮಾತ್ರೆಯನ್ನು ದಿನಾ ನುಂಗಿದರೆ ಪ್ರಾಣಕ್ಕೇ ಸಂಚಕಾರ.

‘ಮಾತ್ರೆ’ಯ ಬಗ್ಗೆ ಇಲ್ಲೊಂದು ಮಾತು. ಛಂದಸ್ಸಿನಲ್ಲಿ ಅದು ಕಾಲದ ಅಳತೆ, ಔಷಧಿಯಲ್ಲಿ ಗುಳಿಗೆ; ಸಂಸ್ಕೃತದ ಮೂಲದಲ್ಲಿ ಎರಡೂ ಅಳತೆಯೇ. ಈ ಅರ್ಥ ಈಗ ಯಾರ ಕಿವಿಗೂ ಬೀಳುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ, ಬಸುರಿಗೆ ಆಶಾ ಅಕ್ಕ ತಂದುಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ ಇರುವ ಫೋಲಿಕ್ ಆಮ್ಲ 500 ಮೈಕ್ರೋಗ್ರಾಂ. ಅಂಗಡಿಯಲ್ಲಿ ಬರಿದೇ ‘ಫೋಲಿಕ್ ಕೊಡಿ’ ಎಂದರೆ ಕೈಗೆ ಬರುವುದು ಸಾಮಾನ್ಯವಾಗಿ 5 ಮಿಲಿಗ್ರಾಂನದು. ಅಂದರೆ ಹತ್ತು ಪಟ್ಟು. ಕೆಲವು ಕಾಯಿಲೆಗಳಿಗೆ ಅಷ್ಟು ಬೇಕು, ವೈದ್ಯರು ಬರೆಯುತ್ತಾರೆ. ಸುಸ್ತು ಅಂತ ತಾನೇ ಹೋಗಿ ತಂದು ನುಂಗುವವನಿಗೆ ಬೇಕಿಲ್ಲ.

ಬೇಕಿಲ್ಲ ಎನ್ನಲು ಕಾರಣ ಫೋಲೇಟಿನ ಜೊತೆಗಾರರು. ಬಿ-ಕಾಂಪ್ಲೆಕ್ಸ್ ಎಂಬ ಹೆಸರಿನ ‘ಕಾಂಪ್ಲೆಕ್ಸ್’ ಸುಮ್ಮನೆ ಬಂದದ್ದಲ್ಲ. ಮೊದಲು ಒಂದೇ ಎಂದುಕೊಂಡಿದ್ದ ‘ನೀರಲ್ಲಿ ಕರಗುವ ಬಿ’ ಬಗೆದಷ್ಟೂ ಹಲವಾಯಿತು, ಸಂಖ್ಯೆ ಹಾಕುತ್ತ ಹೋದರು, ನಡುವೆ ಸುಳ್ಳೆಂದು ಕಂಡ ನಾಲ್ಕು, ಎಂಟು, ಹತ್ತು, ಹನ್ನೊಂದನ್ನು ಕೈಬಿಟ್ಟರು. ಉಳಿದವು ಮೈಯೊಳಗೆ ಒಂದನ್ನೊಂದು ಆತುಕೊಂಡೇ ನಡೆಯುತ್ತವೆ. ಫೋಲೇಟ್ ತನ್ನ ರೂಪ ಬದಲಿಸುವ ಒಂದು ಹೆಜ್ಜೆಗೆ ಬಿ6 ಬೇಕು, ಇನ್ನೊಂದಕ್ಕೆ ಬಿ2. ಬಿ-ಕಾಂಪ್ಲೆಕ್ಸ್ ನುಂಗಿದ ಕೆಲವೇ ಗಂಟೆಯಲ್ಲಿ ಉಚ್ಚೆ ಕಣ್ಣು ಕುಕ್ಕುವ ಹಳದಿಯಾಗುವುದೂ ಈ ಬಿ2, ಅಂದರೆ ರೈಬೋಫ್ಲೇವಿನ್, ಹೆಚ್ಚಾಗಿ ಹೊರಹೋಗುವುದರಿಂದ. ಫ್ಲೇವಸ್ ಎಂದರೆ ಲ್ಯಾಟಿನ್‌ನಲ್ಲಿ ಹಳದಿ. ಬಂಗಾರಪೇಟೆಯಲ್ಲಿ ಅದಕ್ಕೆ ಗಾಬರಿಯಾಗಬೇಕಿಲ್ಲ. ಕಾಸು ಹಾಳಾಯಿತೆಂದು ಬೇಕಾದರೆ ಬೇಸರಪಡಬಹುದು.

ಬಿ12ರ ವಿಷಯ ಮಾತ್ರ ತಮಾಷೆಯದಲ್ಲ. ಫೋಲೇಟ್ ತನ್ನ ಮೀಥೈಲ್ ತುಣುಕನ್ನು ಕೊಡಬೇಕಾದದ್ದು ಬಿ12ಕ್ಕೆ. ಬಿ12 ಇಲ್ಲದಿದ್ದರೆ, ಎದುರು ಪಾಳಿಯವನು ಬಾರದೆ ಕೆಲಸ ಒಪ್ಪಿಸಲಾಗದೆ ಗಣಿಯ ಬಾಯಲ್ಲಿ ಕಾದುನಿಂತ ಕೂಲಿಯಂತೆ ಅದು ನಿಂತಲ್ಲೇ ನಿಲ್ಲುತ್ತದೆ. ಫೋಲೇಟ್ ಇದ್ದೂ ಇಲ್ಲದಂತೆ, ರಕ್ತಹೀನತೆ ಅದೇ ನಮೂನೆಯದು. ಈಗ ಫೋಲಿಕ್ ಮಾತ್ರೆ ಕೊಟ್ಟರೆ ಅದು ಬೇರೆ ಬಾಗಿಲಿನಿಂದ ಬಂದು ಡಿಎನ್‌ಎ ಕೆಲಸ ಮುಂದುವರಿಸುತ್ತದೆ. ರಕ್ತ ಸುಧಾರಿಸುತ್ತದೆ, ಮುಖಕ್ಕೆ ಕಳೆ ಬರುತ್ತದೆ. ಬಿ12 ಇಲ್ಲದೆ ನರಗಳು ಕೆಡುವುದು ಮಾತ್ರ ನಿಲ್ಲುವುದಿಲ್ಲ. ಪಾದ ಜುಮ್ಮೆನ್ನುತ್ತದೆ, ಕತ್ತಲಲ್ಲಿ ನಡಿಗೆ ತಪ್ಪುತ್ತದೆ, ಮರೆವು ಹಿಡಿಯುತ್ತದೆ. 1940ರ ದಶಕದ ಕೊನೆಯಲ್ಲಿ, ಹೊಸ ಫೋಲಿಕ್ ಆಮ್ಲವನ್ನು ಎಲ್ಲ ದಪ್ಪಕಣದ ರಕ್ತಹೀನತೆಗೂ ಕೊಟ್ಟು ನೋಡಿದಾಗ ವೈದ್ಯರಿಗೆ ಇದು ಮನದಟ್ಟಾಯಿತು.

ಬಿ12 ಯಾವ ಸೊಪ್ಪಿನಲ್ಲೂ ಇಲ್ಲ. ಅದನ್ನು ಮಾಡುವುದು ಬ್ಯಾಕ್ಟೀರಿಯಾ, ನಮಗೆ ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ಭಾನುವಾರ ನಾಟಿಕೋಳಿ ಸಾರು, ದಿನಾ ಒಂದು ಲೋಟ ಮಜ್ಜಿಗೆ ಇರುವ ಮುದ್ದೆಯ ಮನೆ ಇದರಲ್ಲಿ ಬಚಾವು. ಹಾಲನ್ನೆಲ್ಲ ಬೆಳಗಾಗುವ ಮುಂಚೆ ಡೈರಿಗೆ ಅಳೆದು, ಮಕ್ಕಳಿಗೆ ಕರಿ ಕಾಫಿ ಕೊಡುವ ಮನೆಗಳೂ ಈ ಹಾಲಿನ ಜಿಲ್ಲೆಯಲ್ಲಿವೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಿಗೂ ಬಿ12 ಇಳಿಯುತ್ತದೆ. ಹೊಟ್ಟೆಯಲ್ಲಿ ಹುಟ್ಟುವ ಒಂದು ಪ್ರೋಟೀನು ಜೊತೆ ಕೊಟ್ಟರಷ್ಟೇ ಸಣ್ಣ ಕರುಳಿನ ಕೊನೆಯ ಭಾಗ ಬಿ12 ಹೀರುವುದು, ಅದೂ ಒಂದು ಸಲಕ್ಕೆ 2 ಮೈಕ್ರೋಗ್ರಾಂ ಒಳಗೆ. ಉಳಿದದ್ದರಲ್ಲಿ ನೂರಕ್ಕೆ ಒಂದರಷ್ಟು ತಾನಾಗಿ ನುಸುಳುತ್ತದೆ. ಆ ಒಂದನ್ನು ನಂಬಿಯೇ 1500 ಮೈಕ್ರೋಗ್ರಾಂನ ಮಾತ್ರೆ ಮಾಡುತ್ತಾರೆ. ಯಕೃತ್ತಿನಲ್ಲಿ ಕೂಡಿಟ್ಟ ಬಿ12 ವರ್ಷಗಳ ಕಾಲ ಬರುತ್ತದೆ, ಫೋಲೇಟಿನ ದಾಸ್ತಾನು ಕೆಲವೇ ತಿಂಗಳು. ಒಂದು ಕೊರತೆ ಬೇಗ ತೋರುತ್ತದೆ, ಇನ್ನೊಂದು ಸದ್ದಿಲ್ಲದೆ ಬೆಳೆಯುತ್ತದೆ.

‘ಸೊಪ್ಪು ಹಾಕು’ ಎಂಬ ನುಡಿಗಟ್ಟನ್ನು ಇಷ್ಟುಹೊತ್ತು ಬಿಟ್ಟಿದ್ದೆ. ಲೆಕ್ಕಕ್ಕೆ ತೆಗೆದುಕೊಳ್ಳು, ಮಣೆ ಹಾಕು ಎಂಬ ಅರ್ಥ. ಕೊಟ್ಟಿಗೆಯ ಆಡು ದನಗಳಿಗೆ ಮೇವು ಹಾಕಿ ವಿಚಾರಿಸಿಕೊಳ್ಳುವವರ ಮಾತಿರಬೇಕೆಂದು ನನ್ನ ಊಹೆ. ಹೆಚ್ಚಾಗಿ ಇದು ಇಲ್ಲ ಎಂಬುದರ ಜೊತೆಗೇ ಬರುತ್ತದೆ: ಯಾರೂ ಸೊಪ್ಪು ಹಾಕಲಿಲ್ಲ. ಫೋಲಿಕ್ ಆಮ್ಲದ ಅತಿ ದೊಡ್ಡ ಉಪಕಾರಕ್ಕೆ ಹೀಗೇ ಆಗಿದೆ. ಗರ್ಭ ಕಟ್ಟಿದ 28 ದಿನದೊಳಗೆ ಕೂಸಿನ ನರಕೊಳವೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಬೆನ್ನುಹುರಿ, ಮೆದುಳು ತೆರೆದುಕೊಂಡೇ ಉಳಿಯುತ್ತವೆ. ಇಂಥ ಮಗು ಒಮ್ಮೆ ಹುಟ್ಟಿದ್ದ ತಾಯಂದಿರಿಗೆ ಗರ್ಭ ಕಟ್ಟುವ ಮುಂಚಿನಿಂದ 4 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟಾಗ ಮತ್ತೆ ಹಾಗಾಗುವುದು ನೂರಕ್ಕೆ 72ರಷ್ಟು ತಪ್ಪಿತು ಎಂದು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1991ರಲ್ಲಿ ತೋರಿಸಿತು. ಬೇರೆ ಹೆಂಗಸರಿಗೆ 400 ಮೈಕ್ರೋಗ್ರಾಂ ಸಾಕು. ಆದರೆ ಮುಟ್ಟು ನಿಂತು, ಎರಡು ವಾರ ನೋಡಿ, ಅತ್ತೆಗೆ ಹೇಳಿ, ಅಂಗನವಾಡಿಗೆ ಹೋಗಿ ತಾಯಿ ಕಾರ್ಡ್ ಮಾಡಿಸುವಷ್ಟರಲ್ಲಿ ಆ 28 ದಿನ ಕಳೆದಿರುತ್ತವೆ. ಆಮೇಲೆ ಕೊಟ್ಟ ಮಾತ್ರೆ ತಾಯಿಯ ರಕ್ತಕ್ಕೆ ಒಳ್ಳೆಯದೇ, ಕೂಸಿನ ನರಕೊಳವೆಗೆ ಮಾತ್ರ ತಡವಾಯಿತು. ಪಡಿತರದ ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ, ಬಿ12ರ ಜೊತೆ ಫೋಲಿಕ್ ಆಮ್ಲವನ್ನೂ ಸೇರಿಸಿದ್ದರ ಹಿಂದಿನ ಒಂದು ಲೆಕ್ಕಾಚಾರ ಇದೇ, ಕೇಳದೆಯೇ ಮುಂಚಿತವಾಗಿ ಮೈಸೇರಲಿ ಎಂದು. ಆ ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಬಿಸಾಡಿದ ಮನೆಗಳು ಕಡಿಮೆಯಿಲ್ಲ.

ಈಚೆಗೆ ಈ ಪದಕ್ಕೆ ಮತ್ತೊಂದು ಜನ್ಮ. ಔಷಧಿ ಅಂಗಡಿಗಳಲ್ಲಿ ‘ಎಲ್-ಮೀಥೈಲ್‌ಫೋಲೇಟ್’ ಎಂಬ ದುಬಾರಿ ಪಟ್ಟಿ ಬಂದಿದೆ, ‘ಆಕ್ಟಿವ್’ ಎಂಬ ಬಿರುದು ಹೊತ್ತು. ನಿಧಾನದ ಕಿಣ್ವದ ಕಾಟವಿಲ್ಲದೆ ನೇರ ರಕ್ತಕ್ಕೆ ಸೇರುವ ರೂಪ ಅದು, ಎಲೆಯಲ್ಲಿ ಹೆಚ್ಚಾಗಿ ಇರುವಂಥದೇ. ಎಂಬತ್ತು ವರ್ಷ ಸುತ್ತಾಡಿ ಕಾರ್ಖಾನೆ ಮತ್ತೆ ಸೊಪ್ಪಿನ ಹತ್ತಿರಕ್ಕೆ ಬಂದಿದೆ ಎನ್ನಬಹುದು. ಆದರೆ ಬಿ12 ಇಲ್ಲದ ಮೈಯಲ್ಲಿ ಇದೂ ಅದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ನರಕೊಳವೆಯ ದೋಷ ತಪ್ಪಿಸಿತೆಂದು ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿರುವುದೂ ಇದಲ್ಲ, ಎಲೆ ಕಾಣದ ಆ ಹಳೆಯ ಅಗ್ಗದ ಫೋಲಿಕ್ ಆಮ್ಲವೇ.